ಅದು ಹಾಡೆಂದು ನನಗೆ ಗೊತ್ತಿತ್ತು

ಅದು ಹಾಡೆಂದು ನನಗೆ ಗೊತ್ತಿತ್ತು, ಈಶ್ವರಿ. ನಿನ್ನ ನೋಟ್‌ಬುಕ್ಕಿನ ಆ ಎರಡು ಹಾಳೆಗಳನ್ನು ಪ್ರೇಮಪತ್ರವೆಂದು ನಿನ್ನ ಅಪ್ಪನಿಗೆ ಓದಿ ಹೇಳಿದವನು ನಾನು — ನಿನ್ನ ಗಂಡ.

ನೀನಾಗ ಕೊಡೈಕಾನಲ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ಗೆಳತಿಯ ಕ್ಯಾಸೆಟ್ ಕೇಳಿ ಇಂಗ್ಲಿಷ್ ಹಾಡೊಂದನ್ನು ಬರೆದುಕೊಂಡಿದ್ದೆ. ಎಂಥಾ ಕ್ಯಾಸೆಟ್ಟು! ತಮ್ಮೂರಲ್ಲಷ್ಟೇ ಹೆಸರಿದ್ದ ನಾಲ್ವರು ರಾಕ್ ಹಾಡುಗಾರರನ್ನು ಆ ಒಂದೇ ಆಲ್ಬಮ್ ಲೋಕಕ್ಕೆಲ್ಲ ದೊಡ್ಡವರನ್ನಾಗಿ ಮಾಡಿತ್ತು. ದಿಂಡಿಗಲ್ಲಿನ ನನ್ನ ಹಾಸ್ಟೆಲಿನಲ್ಲೂ ಅದು ಟೇಪು ಸವೆಯುವಷ್ಟು ಓಡಿತ್ತು. ಒಂದೊಂದು ಸಾಲೂ ನನಗೆ ಬಾಯಿಪಾಠ.

ರಜೆಗೆ ಇಬ್ಬರೂ ನಮ್ಮೂರು ಕಂಬಂಗೆ ಬಂದಾಗ, ದ್ರಾಕ್ಷಿ ಚಪ್ಪರದ ಕೆಳಗೆ ಮಾಮ, ನಿನ್ನ ಅಪ್ಪ, ಆ ಹಾಳೆಗಳನ್ನು ನನ್ನ ಕೈಗಿಟ್ಟರು. ಆಗಲೇ ಅವರ ಬಾಯಲ್ಲಿ ನಾನು ಮಾಪ್ಳೆ, ಅಳಿಯ.

“ನಮ್ ಹುಡ್ಗಿ ಬರ್ದಿರೋದು. ಇಂಗ್ಲೀಸ್‌ನಾಗೆ ಏನ್ ಐತೆ ಮಾಪ್ಳೆ? ಓದಿ ಹೇಳ್ಡಾ.”

ನೀನು ಅಜ್ಜಿಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು — ಅತ್ತೆಯ ಮಗ ಅನ್ನುವ ಒಂದೇ ಕಾರಣಕ್ಕೆ ಇವನನ್ನು ಕಟ್ಟಿಕೊಳ್ಳುವುದಿಲ್ಲ, ಓದಬೇಕು ಎಂದು. ಸೋದರಮಾವನ ಮಗಳ ಮೇಲೆ ನಮ್ಮಲ್ಲಿ ಮೊದಲ ಹಕ್ಕು ನನ್ನದೇ ತಾನೆ? ಅದು ಕೈತಪ್ಪುತ್ತದೆಂದು ಹೊಟ್ಟೆ ಉರಿಯುತ್ತಿತ್ತು.

“ಯಾವನ್ಗೋ ಬರ್ದಿರೋ ಲವ್ ಲೆಟರ್ ಮಾಮಾ,” ಅಂದೆ.

ಅಷ್ಟೇ. ಜಗತ್ತಿಗೆಲ್ಲ ಗೊತ್ತಿದ್ದ ಹಾಡು ನಮ್ಮ ಮನೆಗೆ ಮಾತ್ರ ಗೊತ್ತಿರಲಿಲ್ಲ. ಆ ಒಂದು ಮನೆಯಲ್ಲೇ ನನ್ನ ಸುಳ್ಳು ನಡೆಯುವಂತಿತ್ತು, ನಡೆಯಿತು.

ನಿನ್ನ ಓದು ನಿಂತಿತು. ಹಾಡಪ್ಪಾ, ಹಾಡು ಎಂದು ನೀನು ಕೂಗಿಕೊಂಡೆ, ಮಾಮ ನಂಬಲಿಲ್ಲ. ಓದಿದ್ದು ಯಾರೆಂದು ಮಾತ್ರ ಬಾಯಿ ಬಿಡಲಿಲ್ಲ — ನನ್ನನ್ನು ಅಳಿಯನನ್ನಾಗಿ ಮಾಡಿಕೊಳ್ಳಬೇಕಿತ್ತಲ್ಲ. ನಮ್ಮ ಮದುವೆಯಾಯಿತು. ಇಷ್ಟಾದರೂ ಹುಡುಗಿಯ ಕೈ ಬಿಡಲಿಲ್ಲ, ದೊಡ್ಡ ಮನಸ್ಸು ಎಂದು ನೆಂಟರೆಲ್ಲ ನನ್ನನ್ನು ಹೊಗಳಿದರು. ಥೂ!

ಆ ಹಾಡು ಈಗಲೂ ಬೆನ್ನು ಬಿಡುತ್ತಿಲ್ಲ. ತೇನಿ ಬಸ್ಸಿನಲ್ಲಿ ಯಾವನದೋ ಫೋನಿನಲ್ಲಿ ಅದೇ. ಮೊನ್ನೆ ನಮ್ಮ ಮಗಳೇ ಅಡುಗೆಮನೆಯಲ್ಲಿ ಹಾಕಿದಳು. ನಿಲ್ಲಿಸು ಎಂದು ಅವಳ ಮೇಲೆ ರೇಗಿದೆ. ನೀನೇ ನನ್ನನ್ನು ಸಮಾಧಾನ ಮಾಡಿದೆ: “ಬುಡಿ ಅತ್ತಾನ್. ಅಪ್ಪ ನನ್ನ ನಂಬ್ನಿಲ್ಲ. ನೀವ್ ನಂಬಿ ಕಟ್ಕೊಂಡ್ರಿ. ಅದ್ ಸಾಕು.”

ಆ ಮಾತು ಇನ್ನು ಆಡಬೇಡ — ಕೇಳಲಾರೆ. ಎಷ್ಟು ಸಲ ಹೇಳಲೆಂದು ಬಾಯಿ ತೆರೆದು, ಕಾಫಿ ಕೇಳಿದ್ದೇನೋ! ಈಗಲೂ ನೋಡು, ವ್ಯಾಪಾರಕ್ಕೆಂದು ಮೈಸೂರಿನಲ್ಲಿ ಕಲಿತ, ಮನೆಮಾತು ಕನ್ನಡವಾದರೂ ತಮಿಳುನಾಡಿನಲ್ಲೇ ಓದಿದ ನಿನಗೆ ಓದಲು ಬಾರದ ಕನ್ನಡ ಅಕ್ಷರದಲ್ಲಿ ಬರೆಯುತ್ತ ಕೂತಿದ್ದೇನೆ. ಇದೂ ಹೇಡಿತನವೇ.

ನಾಳೆ ಬೆಳಿಗ್ಗೆ ಎದುರಿಗೆ ಕೂತು ಹೇಳುತ್ತೇನೆ. ನನ್ನನ್ನು ಏನು ಬೇಕಾದರೂ ಮಾಡು. ಆದರೆ ನಿನ್ನ ಅಪ್ಪ — ಅವರ ಜೊತೆ ನೀನು ಮತ್ತೆ ಮಾತಾಡಲೇ ಇಲ್ಲ. ಅವರು ಸಾಯುವಾಗ ಬಾಯಿಗೆ ಹಾಲು ಬಿಡಲೂ ಬರಲಿಲ್ಲ. ಅವರು ನಿನ್ನ ಮೇಲೆ ತಾವಾಗಿ ಅನುಮಾನಪಟ್ಟವರಲ್ಲ, ಈಶ್ವರಿ. ಓದು ಬಾರದ ಮನುಷ್ಯ, ನನ್ನನ್ನು ನಂಬಿದರು.