ಅಂಕಪಟ್ಟಿ ಕೊಟ್ಟ ದಿನ

ನಿವೃತ್ತಳಾದ ಮೇಲೂ ನಾಲ್ಕೂವರೆಗೆ ಏಳುತ್ತೇನೆ. ಏಳಕ್ಕೆ ಮನೆಗೆಲಸ ಮುಗಿದಿರುತ್ತದೆ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಮಾತ್ರ ಕಿವಿ ಒಬ್ಬಳ ದನಿಗಾಗಿ ಕಾಯುತ್ತದೆ.

ನಾಗಮಂಗಲದ ಖಾಸಗಿ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಅವಳು ಬಿಂಡಿಗನವಿಲೆ ಕಡೆಯಿಂದ ಬರುತ್ತಿದ್ದ ವಿಜ್ಞಾನದ ಟೀಚರ್, ನನಗಿಂತ ಬಹಳ ಚಿಕ್ಕವಳು. ಪ್ರಾರ್ಥನೆಗೆ ಮುಂಚೆ ನನ್ನ ಮೇಜಿನ ಬಳಿ ನಿಂತು ಮನೆಯ ಸುದ್ದಿ ಹೇಳದೆ ಅವಳ ದಿನ ಶುರುವಾಗುತ್ತಿರಲಿಲ್ಲ.

"ಮೇಡಂ, ಕುರಿ ನನ್ ಪಾಠ ಯೋಜನೆ ಅರ್ಧ ತಿಂದಾಕ್‌ಬುಡ್ತು. ಮಿಕ್ಕಿದ್ದಷ್ಟೇ ಪಾಠ ಮಾಡ್ಲಾ?"

"ಬೆಲ್‌ಗೆ ಹತ್ತು ನಿಮಿಷ ಇದೆ. ಇನ್ನೊಂದು ಬರ್ಕೊಂಡು ಬಾ," ಎನ್ನುತ್ತಿದ್ದೆ. ನಗು ಬಂದರೂ ತೋರಿಸಿಕೊಳ್ಳುತ್ತಿರಲಿಲ್ಲ.

ಒಂದು ವರ್ಷ, ಶಾಲೆಯ ಕಾರ್ಯದರ್ಶಿ ತಮ್ಮ ಕೋಣೆಗೆ ಕರೆದು ತನ್ನ ಕೈ ಹಿಡಿದೆಳೆದರೆಂದು ಅವಳು ದೂರು ಬರೆದು ನನಗೆ ಕೊಟ್ಟಳು. ತಾರೀಖು ಹಾಕಿ, ಸೀಲು ಒತ್ತಿ ಆಡಳಿತ ಮಂಡಳಿಗೆ ಕಳಿಸಿದೆ. ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡೆ. ಹದಿನೈದೇ ದಿನದಲ್ಲಿ ಅವಳನ್ನು ಕೆಲಸದಿಂದ ಬಿಡಿಸಿದರು.

ಕೆಲಸಕ್ಕೆ ಸೇರುವಾಗ ಎಲ್ಲರಿಂದಲೂ ಇಸಿದುಕೊಳ್ಳುತ್ತಿದ್ದ ಮೂಲ ಅಂಕಪಟ್ಟಿಗಳು ನನ್ನ ಬೀರುವಿನಲ್ಲಿದ್ದವು. ಅವಿಲ್ಲದೆ ಬೇರೆಡೆ ಕೆಲಸ ಸಿಗುವುದಿಲ್ಲ. ವಾಪಸು ಬೇಕಾದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು, ನಡೆದದ್ದನ್ನು ಯಾರ ಹತ್ತಿರವೂ ಆಡಬಾರದು, ಶಾಲೆಯವರ ಸಂಪರ್ಕ ಇಟ್ಟುಕೊಳ್ಳಬಾರದು ಎಂದರು ಮಂಡಳಿಯವರು. ಅವಳು ಸಹಿ ಹಾಕಿದಳು. ಮೂರನೆಯ ಪುಟದಲ್ಲಿ ಸಹಿ ಬಿಟ್ಟುಹೋಗಿದ್ದನ್ನು ತೋರಿಸಿ ಹಾಕಿಸಿದವಳು ನಾನು. ಕೆಳಗೆ ಸಾಕ್ಷಿಯಾಗಿ ನನ್ನದೂ ಸಹಿ. ಆಮೇಲೆ ಬೀರು ತೆಗೆದು ಅಂಕಪಟ್ಟಿಗಳನ್ನು ಎಣಿಸಿ ಕೊಟ್ಟೆ.

ಕಳೆದ ತಿಂಗಳು ಕೆ.ಆರ್. ಪೇಟೆಯಲ್ಲಿ ಅವಳ ಮನೆ ಹುಡುಕಿಕೊಂಡು ಹೋದೆ. ಕೂರಿಸಿ ಕಾಫಿ ಕೊಟ್ಟಳು, ಮಂಡಿನೋವು ವಿಚಾರಿಸಿದಳು, ಆಮೇಲೆ ಸುಮ್ಮನಾದಳು.

"ಈಗ ನಾನು ಶಾಲೆಯವಳಲ್ಲ ಕಣಮ್ಮ. ಮೊದಲಿನ ಹಾಗೆ ಏನಾದ್ರೂ ಹೇಳು," ಎಂದೆ.

"ಏನ್ ಮಾತು ತೆಗುದ್ರೂ ಅಲ್ಲಿಗೇ ಓಯ್ತದೆ ಮೇಡಂ. ಅದ್ಕೇ ಸುಮ್ಕಿರೋದ ಕಲ್ತ್ಕಂಡಿವ್ನಿ."

ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ ಬಾಯಿಗೆ ಬೀಗ ಆಕುದ್ರು, ಸರಿ. ನೀವು ಸಾಕ್ಷಿಗೆ ತಾನೆ ಸೈನ್ ಆಕಿದ್ದು? ನಿಮ್ಗ್ಯಾರೂ ಮಾತಾಡ್‌ಬ್ಯಾಡಿ ಅಂದಿರ್ನಿಲ್ವಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ಲೋಟ ತೊಳೆಯುವ ಸದ್ದು ಕೇಳಿಸಿತು. ನಲ್ಲಿ ನಿಂತ ಮೇಲೂ ಅವಳು ಹೊರಗೆ ಬರಲಿಲ್ಲ. ನಾನು ಐದು ಗಂಟೆಯ ಬಸ್ಸಿಗೆ ಹೊರಡಬೇಕಿತ್ತು. ಕೂತೇ ಇದ್ದೆ.