ಬುಧವಾರ ಬಿಚ್ಚುವ ಜಡೆ

ಒಂದು ನಿಮಿಷ ಇರಿ, ಪುಟ ತಿರುಗಿಸಬೇಡಿ! ಇವತ್ತು ಟ್ರಂಕು ಜಾಲಾಡುವಾಗ ಜಡೆಗೆ ಕಟ್ಟುವ ಒಂದು ಕೆಂಪು ಟೇಪು ಸಿಕ್ಕಿತು. ಮೂಸಿದರೆ ಇನ್ನೂ ಹರಳೆಣ್ಣೆ ವಾಸನೆ. ಹತ್ತು ಹನ್ನೆರಡು ವರ್ಷದ ಹಿಂದಿನ ಪಕ್ಕದ್ಮನೆ ಮಾಮ ಎದುರಿಗೇ ಬಂದು ಕೂತ ಹಾಗಾಯಿತು...

ಮಾಮನಿಗೆ ಚಾಂಪಿಯನ್ ರೀಫ್ಸ್‌ನಲ್ಲಿ ಮರದ ದಿಮ್ಮಿಗಳಿಗೆ ಹಗ್ಗ ಬಿಗಿದು ಚಿನ್ನದ ಗಣಿಯೊಳಗೆ ಇಳಿಸುವ ಕೆಲಸ. ಅವರಿಗೂ ಹೆಂಡತಿಗೂ ಹಿರಿಯರ ಮುಂದೆ ಬಿಡುಗಡೆಯಾಗಿತ್ತು. ಆಕೆ ಬಂಗಾರಪೇಟೆಯಲ್ಲಿ ರವಿಕೆ ಹೊಲಿದು ಬದುಕುತ್ತಿದ್ದರು. ಮಗಳಿಗೆ ನನ್ನಷ್ಟೇ, ಏಳು ವರ್ಷ. ಸ್ಕೂಲಿನ ದಿನ ಅಮ್ಮನ ಹತ್ತಿರ, ಶನಿವಾರ ಭಾನುವಾರ ಅಪ್ಪನ ಹತ್ತಿರ ಅಂತ ತೀರ್ಮಾನ. ಭಾನುವಾರ ಸಂಜೆ ಮಾಮ ರೈಲಿನಲ್ಲಿ ಕರೆದುಕೊಂಡು ಹೋಗಿ ಪ್ಲಾಟ್‌ಫಾರಂ ಮೇಲೆ ಒಪ್ಪಿಸುತ್ತಿದ್ದರು. ಬಾಲದ ಹಾಗೆ ನಾನೂ.

ಒಂದು ಭಾನುವಾರ ಆಕೆ ಮಗಳ ತಲೆ ನೋಡಿ ಕೆಂಡವಾದರು.

"ಇದೇನು ತಲೇನಾ, ಕಾಗೆ ಗೂಡಾ? ಮುಂದಿನ್ವಾರಾನೂ ಇಂಗೇ ಬಂದ್ರೆ ಮಗೂನ ಕಳ್ಸಲ್ಲ, ಅಷ್ಟೇ!"

ಮಾಮ ಮಂಕಾದರು. ಮಾರನೇ ದಿನದಿಂದ ಪಾಳಿ ಮುಗಿಸಿ ಬಂದವರೇ ನನ್ನ ತಲೆ ಮೇಲೆ ಜಡೆ ಕಲಿಯತೊಡಗಿದರು. ನಮ್ಮಮ್ಮ ಮೇಷ್ಟ್ರು.

"ಅಲ್ಲಾಡ್ಬ್ಯಾಡ ಪಾಪ, ಎಳೆ ತಪ್ಪೋಯ್ತದೆ."

"ನೋಯ್ತದೆ ಮಾಮ!"

"ದಿಮ್ಮಿ ಒಂದಿನಾನೂ ನೋಯ್ತದೆ ಅಂದಿಲ್ಲ ಕಣಮ್ಮಿ!"

ತಲೆ ಕೊಟ್ಟಿದ್ದಕ್ಕೆ ನನಗೂ ಒಂದು ಟೇಪು ಸಿಕ್ಕಿತು. ಇದೇ ಅದು.

ಮುಂದಿನ ಭಾನುವಾರ ಮಗಳ ಜಡೆ ನೋಡಬೇಕಿತ್ತು! ಗೆರೆ ಎಳೆದಂಥ ಬೈತಲೆ, ಮಿರಮಿರ ಎಣ್ಣೆ, ತುದಿಯಲ್ಲಿ ಟೇಪು. ಆದರೆ ಟೇಪಿಗೆ ದಿಮ್ಮಿಗೆ ಹಾಕುವ ಗಂಟು. ಆಕೆ ಉಗುರು ಹಾಕಿದರು, ಹಲ್ಲು ಹಾಕಿದರು. ಗಂಟು ಜಪ್ಪಯ್ಯ ಅನ್ನಲಿಲ್ಲ.

"ತಲೆಗೆ ನೀರು ಹಾಕೋ ದಿನ ಇದನ್ನ ಯಾರು ಬಿಚ್ಚೋದು?"

"ಬುಧವಾರ ಬೆಳಗ್ಗೆ ಪಾಳಿ... ಸಂಜೆ ನಾನೇ ಬಂದು ಬಿಚ್ತೀನಿ," ಅಂದರು ಮಾಮ, ತಲೆ ಬಗ್ಗಿಸಿಕೊಂಡು.

ಆಮೇಲೆ ವಾರ ವಾರವೂ ಅದೇ ಗಂಟು, ಅದೇ ಬುಧವಾರ. ಬಿಚ್ಚಿ, ಕಾಫಿ ಕುಡಿದು, ಮಗಳ ಬಾಯಲ್ಲಿ ಮಗ್ಗಿ ಹೇಳಿಸಿ ಬರುತ್ತಿದ್ದರಂತೆ.

ಆಗ ನನಗೆ ಹೊಳೆಯಲಿಲ್ಲ... ನನ್ನ ಜಡೆಗೆ ಮಾಮ ಒಂದು ದಿನವೂ ಆ ಗಂಟು ಹಾಕಿರಲಿಲ್ಲ. ಅದಿರಲಿ, ರವಿಕೆ ಹೊಲಿಯುವವರ ಮನೆಯಲ್ಲಿ ಕತ್ತರಿ ಇರಲಿಲ್ಲವೇ?

ಮಾಮ ತೀರಿಕೊಂಡು ಮೂರು ವರ್ಷವಾಯಿತು. ಬೆಳಗಿನಿಂದ ಈ ಟೇಪಿಗೆ ಆ ಗಂಟು ಹಾಕಲು ಒದ್ದಾಡುತ್ತಿದ್ದೇನೆ. ಎಳೆದರೆ ಬಿಚ್ಚಿಕೊಳ್ಳುತ್ತದೆ...

ನಿಮಗೆ ಜಡೆ ಹಾಕಿದ ಅಪ್ಪಂದಿರು, ಮಾಮಂದಿರು ಇದ್ದರೆ ಬರೆದು ತಿಳಿಸಿ. ಗಂಟು ಗೊತ್ತಿದ್ದರೆ ಅದನ್ನೂ.