ತೆರೆ ಎಂಬ ಎರಡಕ್ಷರ

ನನ್ನ ತಮ್ಮ ಕಾರವಾರದ ಕಾಳಿ ಹೊಳೆಯಲ್ಲಿ ಪ್ರವಾಸಿಗರ ಬೋಟು ನಡೆಸುತ್ತಾನೆ. ಅವನ ಹೆಂಡತಿ, ಅಮದಳ್ಳಿಯ ಕೊಂಕಣಿ ಮನೆಯವಳು, ಅದರಲ್ಲಿ ಊಟ ಬಡಿಸುತ್ತಾಳೆ. ಬೋಟಿನಲ್ಲಿ ಕಕ್ಕಸಿರಲಿಲ್ಲ. ಗಂಡಸರು ಹಿಂಬದಿಗೆ ಹೋಗಿ ನಿಲ್ಲುತ್ತಿದ್ದರು. ಅವಳು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಎರಡು ಸಲ ಉರಿಮೂತ್ರವಾದ ಮೇಲೆ ವೈದ್ಯರು ಗದರಿದರು. “ಹಾಗಾದ್ರೆ ನೀ ಮನೇಲೇ ಇರು,” ಎಂದ ತಮ್ಮ. ಅವಳಿಗೆ ಬೋಟೇ ಬೇಕಿತ್ತು.

ಅಂಕೋಲೆಯ ಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದ ನಾನು ನಡುವೆ ಬಾಯಿ ಹಾಕಿ, ಕಕ್ಕಸು ಕೂರಿಸಲು ಒಪ್ಪಿಸಿದೆ. ನೇರವಾಗಿ ಹೊಳೆಗೆ ಬಿಡುವುದು ಸುಲಭವೆಂದು ಮೇಸ್ತ್ರಿ ಹೇಳಿದ. ಆದರೆ ಇಳಿತದ ಹೊತ್ತಿನಲ್ಲಿ ಅದೇ ನೀರಿನಲ್ಲಿ ಸೊಂಟದವರೆಗೆ ನಿಂತು ಹೆಂಗಸರು ಬಳಚು ಎಂಬ ಚಿಪ್ಪುಮೀನನ್ನು ಆಯುತ್ತಾರೆ. ಎತ್ತಿ ಒಯ್ಯುವ ಡಬ್ಬಿಯಾದರೆ ಮಧ್ಯಾಹ್ನದೊಳಗೆ ತುಂಬುತ್ತದೆ. ಆದ್ದರಿಂದ ಟಾಂಕಿ ಇರುವುದನ್ನೇ ಆರಿಸಿದೆವು: ಸಂಜೆ ಬೋಟು ಕಟ್ಟುವ ಧಕ್ಕೆಗೆ ಬಂದು, ಬೋಟಿನ ಪಕ್ಕದ ಕೊಳವೆಗೆ ಪೈಪು ಜೋಡಿಸಿ, ವಾಲ್ವ್ ತಿರುಗಿಸಿ, ಪಂಪು ಹಚ್ಚಿದರೆ ಎಲ್ಲವೂ ದಂಡೆಯ ಗುಂಡಿಗೆ. ವಾರಕ್ಕೊಮ್ಮೆ ಟಾಂಕಿ ತೊಳೆಯಬೇಕು, ವಾಲ್ವಿನ ರಬ್ಬರಿನ ಬಳೆಗೆ ಎಣ್ಣೆ ಸವರಬೇಕು.

ವಾಲ್ವಿನ ಎರಡು ಬದಿಗೆ ನಾನೇ ಬಣ್ಣದಲ್ಲಿ ಬರೆದೆ: ‘ಮುಚ್ಚು’, ‘ತೆರೆ’. ವಿಧ್ಯರ್ಥಕ, ಮಧ್ಯಮ ಪುರುಷ, ಏಕವಚನ. ಒಂದಕ್ಷರವೂ ಹೆಚ್ಚಿಲ್ಲವೆಂದು ಬೀಗಿದೆ.

ಮೂರನೆಯ ವಾರ, ನಾನೂ ಬೋಟಿನಲ್ಲಿದ್ದ ದಿನ, ಗಾಳಿ ಎದ್ದಿತು. ಸ್ವಲ್ಪ ಹೊತ್ತಿಗೆ ಬಳಚು ಆಯುವವರು ಬುಟ್ಟಿ ಎತ್ತಿಕೊಂಡು ಕೂಗತೊಡಗಿದರು. “ಏ ಸಾವ್ಕಾರಾ, ಬಳಚಿಗೆ ಮಸಾಲೆ ನೀವೇ ಹಾಕಿ ಕೊಡ್ತ್ರೇನು?” ಟಾಂಕಿಯಲ್ಲಿದ್ದದ್ದೆಲ್ಲ ಪಕ್ಕದ ಕೊಳವೆಯಿಂದ ಹೊಳೆಗೆ ಇಳಿಯುತ್ತಿತ್ತು. ತಮ್ಮ ಓಡಿಹೋಗಿ ವಾಲ್ವ್ ಮುಚ್ಚಿದ.

ನಾದಿನಿ ಬಿಳಿಚಿಕೊಂಡಿದ್ದಳು. “ನಾನೇ ತಿರುಗಿಸ್ದೆ ಅಕ್ಕಾ. ತೆರೆ ಎದ್ದಿತ್ತಲ್ಲ? ತೆರೆ ಇದ್ದಾಗ ಹಿಡಿಕೆ ಆ ಬದಿಗೆ ಇರ್ಬೇಕು, ಇಲ್ದಿದ್ರೆ ಒಳಗಿಂದು ಚೆಲ್ತದೆ ಅಂತ ತಿಳ್ದೆ.”

“ಸಾಕು! ನಾಳೆಯಿಂದ ಕಕ್ಕಸೂ ಬೇಡ, ನೀನೂ ಬರೋದು ಬೇಡ,” ಎಂದು ತಮ್ಮ ಸಿಡಿದ.

ದ್ವಂದ್ವಾರ್ಥ ಬರೆದ ಮಕ್ಕಳ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕಳೆದವಳು ನಾನು. ಅಲೆಗೆ ತೆರೆ ಎನ್ನುವ ಜನರ ಬೋಟಿನಲ್ಲಿ ಆ ಪದವನ್ನು ಒಂಟಿಯಾಗಿ ನಿಲ್ಲಿಸಿದವಳೂ ನಾನೇ. “ತಪ್ಪು ಅವಳದ್ದಲ್ಲ, ನನ್ನದು,” ಎಂದೆ. ತಮ್ಮ ಕೇಳಿಸಿಕೊಳ್ಳಲಿಲ್ಲ. ನಾನು ನೀರಿಗೆ ಇಳಿದುಹೋಗಿ ಆ ಹೆಂಗಸರ ಕ್ಷಮೆ ಕೇಳಿದೆ. ಅಂದಿನ ಬಳಚನ್ನು ಅವರು ಚೆಲ್ಲಬೇಕಾಯಿತು.

ಧಕ್ಕೆಗೆ ಬಂದ ಮೇಲೆ ಮೇಸ್ತ್ರಿಯನ್ನು ಕರೆಸಿ, ಕೊಳವೆಯ ಬಾಯಿಗೆ ತಿರುಪಿನ ಮುಚ್ಚಳ ಹಾಕಿಸಿದೆ. ನಾನು ಹೊಸ ಫಲಕಕ್ಕೆ ಪದ ಹುಡುಕುತ್ತಿರುವಾಗಲೇ ನಾದಿನಿ ವಾಲ್ವಿನ ಹಿಡಿಕೆಯನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅದ್ಯಾಕೆ?” ಎಂದ ತಮ್ಮ.

“ಕಕ್ಕಸಿದೆ ಅಂತ್ಲೇ ಈಗ ಪ್ರವಾಸಿಗರು ನಮ್ಮ ಬೋಟು ಹತ್ತೂದು. ಇದಿಲ್ದೆ ಟಾಂಕಿ ಖಾಲಿ ಆಗೂದಿಲ್ಲ. ನಾಳೆ ಬೇಕಂದ್ರೆ, ನನ್ನನ್ನೂ ಕರ್ಕೊಂಡು ಹೋಗಿ.”